ಸತ್ತ ಚಂಡಮಾರುತ ಹರ್ತಿಗೆ ಬಂದದ್ದು

ಇಪ್ಪತ್ತು ವರ್ಷದಿಂದ ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಪೆಸಿಫಿಕ್ ಸಾಗರದ ಹರಿಕೇನಿನ ಪಾಠ ನನಗೆ ಬಾಯಿಪಾಠ. ಅದು ಬೆಚ್ಚನೆಯ ನೀರಿನ ಮೇಲೆ ಹುಟ್ಟುತ್ತದೆ, ಆವಿ ಕುಡಿದು ಬಲಿಯುತ್ತದೆ, ನಡುವೆ ಕಣ್ಣು ಬಿಡುತ್ತದೆ, ನೆಲಕ್ಕೆ ತಾಗಿದೊಡನೆ ಉಣ್ಣಲು ಇಲ್ಲದೆ ಸಾಯುತ್ತದೆ. ಹಲಗೆಯ ಮೇಲೆ ಇದಕ್ಕೆ ನಾಲ್ಕು ಚಿತ್ರ ಬರೆಯುತ್ತೇನೆ. ನಾಲ್ಕನೆಯದು ಬಲು ಸುಲಭ, ಅಲ್ಲಲ್ಲಿ ಚುಕ್ಕಿ ಇಟ್ಟರೆ ಸಾವು ಮುಗಿಯಿತು. ಆ ಚಿತ್ರ ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಅಕ್ಕನನ್ನು ಹರ್ತಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ ಅವಳ ಪಾಲಿನ ಎರೆ ಹೊಲವನ್ನು ತಾನು ಲಾವಣಿಗೆ ಮಾಡುತ್ತೇನೆ, ವರ್ಷಕ್ಕಿಷ್ಟು ಅಂತ ಕೊಡುತ್ತೇನೆ, ಅವಳು ಮನೆಯಲ್ಲಿರಲಿ ಎಂದು ಅವಳ ಮೈದುನ ಹಟ ಹಿಡಿದ. ಅವನು ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. "ಮೆಣಸಿನಕಾಯಿ ಪೀಕು ಅಂದ್ರ ಹೆಣಮಗಳ ಕೈಯಾಗಿನ ಮಾತಲ್ಲರಿ" ಎಂದು ಹಿರಿಯರ ಮುಂದೆ ಅಂದ. ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದಳು.

"ಒಂದ ಪೀಕು ನನಗ ಬಿಡ್ರಿ. ಕಾಯಿ ಕೆಂಪಗ ಮನಿ ಮುಟ್ಟಿದ್ರ ಹೊಲ ನಾನ ಮಾಡ್ತೀನಿ. ಕೆಟ್ಟಿತಂದ್ರ ನೀವು ಕೇಳೂದ ಬ್ಯಾಡ, ನಾನ ಬಿಟ್ಟು ಕೊಡ್ತೀನಿ."

ಆ ಮಾತಿಗಾಗಿ ಅವಳು ಆ ವರ್ಷವೆಲ್ಲ ದುಡಿದಳು. ಕಾಯಿ ಬಂದದ್ದಾದರೂ ಹೇಗೆ! ಬಿಡಿಸಿ, ಎರಡು ದಿನ ಗುಂಪೆ ಹಾಕಿ ಬಣ್ಣ ಕೂಡಿಸಿ, ಕಣದ ತುಂಬ ಹರವಿದಾಗ ಮೈದುನನೇ ಬಂದು ಒಂದು ಕಾಯಿ ಮುರಿದು ಮೂಸಿ, ಏನೂ ಅನ್ನದೆ ಹೋದನಂತೆ. ಫೋನಿನಲ್ಲಿ ಅದನ್ನು ಹೇಳುವಾಗ ಅವಳ ನಗು ತಡೆಯುತ್ತಿರಲಿಲ್ಲ.

ಕಾಯಿ ಅರ್ಧ ಒಣಗಿತ್ತು, ಅಷ್ಟರಲ್ಲಿ ಟಿವಿಯಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತ ಶುರುವಾಯಿತು. ಅಕ್ಕ ತಡಮಾಡಲಿಲ್ಲ, ಎಲ್ಲ ಬಳಿದು ಗುಂಪೆ ಮಾಡಿ ತಾಡಪತ್ರಿ ಹೊದಿಸಿ ಸುತ್ತ ಕಲ್ಲು ಹೇರಿದಳು. ಆದರೆ ಹಸಿ ಆರದ ಕಾಯಿ ಮುಚ್ಚಿಟ್ಟರೆ ಬೆವರುತ್ತದೆ, ಕಾವು ಏರಿ ಒಳಗೇ ಕಪ್ಪಾಗುತ್ತದೆ. ಮೂರನೆಯ ದಿನ ಮುಂಜಾನೆ ಫೋನು ಬಂತು.

"ಲೇ ತಮ್ಮಾ, ಒಳಗ ಕೈ ಹಾಕಿದ್ರ ಸುಡಾಕತ್ತೈತಿ. ತಗೀಲ್ಯೋ ಬ್ಯಾಡೋ?"

"ಅಲ್ಲಿಯವರು ಏನಂತಾರ?"

"ಬಾಜೂ ಮನಿ ಅಜ್ಜ ತಗೀ ಅಂತಾನ. ಅನುರಾಧಿ ಮಳಿ ಮುಗದು ವಾರ ಆತು, ಇನ್ನ ಯಾವ ನಕ್ಷತ್ರದ ಮಳಿ ಬರತೈತಿ ಅಂತಾನ. ನನಗ ಧೈರ್ಯ ಬರವಲ್ದು. ನಿನ್ನ ಬುಕ್ಕಿನ್ಯಾಗ ಏನೈತಿ ಹೇಳು."

ನಮ್ಮ ಕಡೆ ಮಳೆಯನ್ನು ನಕ್ಷತ್ರದ ಮೇಲೆ ಎಣಿಸುತ್ತಾರೆ. ಅನುರಾಧದೊಂದಿಗೆ ಆ ಎಣಿಕೆ ಮುಗಿಯುತ್ತದೆ, ಆಮೇಲೆ ಕಣದಲ್ಲಿ ಏನಿಟ್ಟರೂ ಹೆದರಿಕೆಯಿಲ್ಲ ಎಂದು ನಂಬಿಕೆ. ನಾನು ನಕ್ಕೆ. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನಕ್ಷತ್ರ ಗಿಕ್ಷತ್ರ ಬಿಡು, ಚಂಡಮಾರುತ ನಿನ್ನೆ ಸಂಜೆ ತಮಿಳುನಾಡಿನ ದಂಡೆ ದಾಟಿತು, ನೆಲಕ್ಕೆ ಬಂದ ಮೇಲೆ ಅದಕ್ಕೆ ಜೀವ ಇರುವುದಿಲ್ಲ ಎಂದೆ. "ಅದು ಸತ್ತೈತೆವ್ವಾ. ತಗದು ಹರವು." ನನ್ನ ದನಿಯಲ್ಲಿ ಮೇಷ್ಟ್ರ ಗತ್ತು ಇತ್ತು. ಆಕೆ ಫೋನಿಟ್ಟು ಹೋಗಿ ಕಲ್ಲು ಎತ್ತಿದಳು.

ಟಿವಿಯವನೂ ಸತ್ತಿತು ಎಂದೇ ಹೇಳಿದ. ಮೂರು ದಿನ ದಂಡೆಯಲ್ಲಿ ಕೊಡೆ ಹಾರಿಸಿಕೊಂಡು ಕಿರುಚಿದವನು, ಅದು ದುರ್ಬಲಗೊಂಡಿತು ಎಂದು ಒಂದೇ ಸಾಲು ಓದಿ ಸಿನಿಮಾ ಸುದ್ದಿಗೆ ಹೋದ. ದುರ್ಬಲ! ಯಾರ ಲೆಕ್ಕದಲ್ಲಿ ದುರ್ಬಲ?

ಮರುದಿನ ಮಧ್ಯಾಹ್ನ ಎಂಟನೆಯ ತರಗತಿಯಲ್ಲಿದ್ದೆ. ಕಿಟಕಿಯಾಚೆ ಮೈದಾನದ ಧೂಳು ಸದ್ದಿಲ್ಲದೆ ಕಪ್ಪಾಗುತ್ತಿತ್ತು. ಗುಡುಗಿಲ್ಲ, ಮಿಂಚಿಲ್ಲ, ಗಾಳಿಯ ಸುಳಿವೂ ಇಲ್ಲ. ಮಂಜಿನಂಥ ಜಿಟಿಜಿಟಿ. ಸುಣ್ಣದ ಕಡ್ಡಿ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ. ನಾನು ಹರ್ತಿ ಮುಟ್ಟುವಾಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕಾಯಿ ಬಳಿಯುತ್ತಿದ್ದಳು. ಅಜ್ಜ, ಮೈದುನ, ಅವನ ಹೆಂಡತಿ ಎಲ್ಲರೂ ಬಗ್ಗಿದ್ದರು. ಕಣದ ಎರೆ ಮಣ್ಣು ಕಾಯಿಗೆ ಮೆತ್ತಿಕೊಂಡಿತ್ತು. ನಾನೂ ಬಗ್ಗಿದೆ. ಯಾರೂ ನನಗೆ ಏನೂ ಅನ್ನಲಿಲ್ಲ. ಯಾರಾದರೂ ಬೈಯಬಾರದಿತ್ತೇ!

ಮೂರು ದಿನ ಬಿಸಿಲೇ ಬರಲಿಲ್ಲ. ಪಡಸಾಲೆ, ಅಡುಗೆಮನೆ, ದೇವರ ಕೋಣೆ, ಎಲ್ಲೆಂದರಲ್ಲಿ ಕಾಯಿ ಹರವಿ ಫ್ಯಾನು ಹಾಕಿದೆವು. ನಾಲ್ಕನೆಯ ದಿನ ತೊಟ್ಟಿನ ಬಳಿ ಬೂಷ್ಟು ಕಂಡಿತು, ಆಮೇಲೆ ಕೆಂಪು ಹೋಗಿ ಬಿಳಿಚಿಕೊಂಡಿತು. ಅಷ್ಟರಲ್ಲಿ ಹಾನಿ ನೋಡಲು ಒಬ್ಬ ಅಧಿಕಾರಿ ಬಂದ. ಶೂ ಕೆಸರಾಗದಂತೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಬಂದು ಕೇಳಿದ:

"ಗಾಳಿ ಬೀಸಿತ್ತೇನ್ರಿ?"

"ಇಲ್ಲರಿ" ಎಂದಳು ಅಕ್ಕ.

"ಹಂಗಾರ ಚಂಡಮಾರುತ ಅಂತ ಹೆಂಗ ಬರಕೊಳ್ಳಲಿ? ಮ್ಯಾಲ ಇದು ಕೊಯ್ದ ಮಾಲು. ಹೊಲದಾಗ ನಿಂತಿದ್ರ ನೋಡಬಹುದಿತ್ತು."

ಅವನ ಅಂಗಿ ಹಿಡಿಯಬೇಕೆಂದು ಕೈ ಎತ್ತಿದ್ದೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ಅವರ ಮ್ಯಾಲ ಯಾಕ ಹರಿಹಾಯ್ತಿ? ಅವರೇನು ಕಲ್ಲು ತಗೀ ಅಂದ್ರ?" ಎಂದಳು. ಅಷ್ಟೇ ಅಂದದ್ದು. ಅದಕ್ಕಿಂತ ಕೆರ ತೆಗೆದುಕೊಂಡು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಿಟ್ಟಿನಲ್ಲೇ ಕೂತು ಆ ಚಂಡಮಾರುತದ ಜಾತಕ ಹುಡುಕಿದೆ. ಅದು ಮೊದಲು ಹುಟ್ಟಿದ್ದು ಪೆಸಿಫಿಕ್ಕಿನಲ್ಲೇ, ಫಿಲಿಪ್ಪೀನ್ಸಿನ ಆಚೆ. ವಿಯೆಟ್ನಾಮಿನ ನೆಲಕ್ಕೆ ತಾಗಿ ಅಲ್ಲಿ ಒಮ್ಮೆ ಸತ್ತಿತ್ತು. ಅದರ ಅವಶೇಷ ಬೆಟ್ಟ ಹತ್ತಿಳಿದು ನಮ್ಮ ಕೊಲ್ಲಿಗೆ ಬಿದ್ದು, ಬೆಚ್ಚನೆ ನೀರು ಕಂಡು ಬೇರೊಂದು ಹೆಸರಿನಿಂದ ಎದ್ದಿತು. ತಮಿಳುನಾಡಿನಲ್ಲಿ ಎರಡನೆಯ ಸಲ ಸತ್ತು ನಮ್ಮೂರಿಗೆ ಬಂತು. ಪಾಠ ಬರೆದವರು ದಂಡೆಯ ಮೇಲೆ ಕೂತು ಬರೆದರೋ ಏನೋ, ದಂಡೆಯಾಚೆ ಜನರೇ ಇಲ್ಲ ಅಂದುಕೊಂಡರು. ಅಜ್ಜ ನಕ್ಷತ್ರದ ಪಂಚಾಂಗ ನಂಬಿದ, ನಾನು ಅಚ್ಚಾದ ಪಂಚಾಂಗ ನಂಬಿದೆ. ಅವನದನ್ನು ಅಕ್ಕ ನಂಬಲಿಲ್ಲ, ನನ್ನದನ್ನು ನಂಬಿದಳು. ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುವ ಗಾದೆ ನನಗೇ ಕಟ್ಟಿದ್ದು.

ಮೈದುನ ಹೊಲದ ಸುದ್ದಿ ಎತ್ತಲಿಲ್ಲ. ಅಕ್ಕನೇ ಅವನ ಮನೆಗೆ ಹೋಗಿ, ಯುಗಾದಿಯಿಂದ ನೀನು ಮಾಡಪ್ಪಾ ಎಂದು ಹೇಳಿ ಬಂದಳು. ನಾನು ಬೇಡವೆಂದು ಎಷ್ಟು ಜಗಳವಾಡಿದರೂ, ಹಿರಿಯರ ಮುಂದೆ ಆಡಿದ ಮಾತು ಎಂದಳು.

ಈ ಸಲ ಆ ಹೊಲದಲ್ಲಿ ಮತ್ತೆ ಮೆಣಸಿನಕಾಯಿ ಬಂದಿದೆ. ಹೋದ ವಾರ ಮುಂಜಾನೆ ಅವಳಿಗೆ ಫೋನು ಮಾಡಿದೆ. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು.

"ಎಲ್ಲಿದ್ದೀಬೇ?" ಎಂದೆ.

"ಹೊಲದಾಗ ಅದೀನಿ, ಕಾಯಿ ಬಿಡಸಾಕ ಬಂದೀನಿ. ಸಂಜೀಕ ಮಾತಾಡ್ತೀನಿ ತಮ್ಮಾ, ಕೂಲಿ ಆಳು ಫೋನಿನ್ಯಾಗ ನಿಂತ್ರ ಮೈದುನ ಸಿಟ್ಟಾಗ್ತಾನ."