ಗೊರಕೆ ಹೊಡೆದು ಉಣ್ಣಿಸಿದ್ದು

ಬರೀ ಗೊರಕೆ ಹೊಡೆದು ಒಂದು ಮಗುವಿಗೆ ಅನ್ನ ಉಣ್ಣಿಸಿದವನು ನಾನು. ಸುಳ್ಳು ಅನ್ನಿ ನೋಡೋಣ! ಅನ್ನುವವರು ಪುಟ ಮುಚ್ಚಿ ಎದ್ದು ಹೋಗಬಹುದು, ನಷ್ಟ ನಿಮಗೇ. ನನ್ನ ಹೆಂಡತಿಯೂ ನಂಬಿರಲಿಲ್ಲ. ನನ್ನ ಗೊರಕೆಯಿಂದ ಯಾರಿಗಾದರೂ ಉಪಕಾರವಾದದ್ದನ್ನು ಅವಳು ಈ ಜನ್ಮದಲ್ಲಿ ಕಂಡಿಲ್ಲವಂತೆ.

ಕುಣಿಗಲ್ ರೂಟಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವನು ನಾನು. ಹೆಂಡತಿಯ ಚಪ್ಪಲಿ ಬಚ್ಚಿಡುವುದು, ಪಕ್ಕದ ಮನೆಯ ಕಾಲಿಂಗ್ ಬೆಲ್ ಒತ್ತಿ ಓಡಿಬರುವುದು ಅತಿಯಾದಾಗ, ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ನನ್ನನ್ನು ಸದಾಶಿವನಗರದ ಕಡೆಯ ಒಂದು ಮಕ್ಕಳ ಆಶ್ರಮಕ್ಕೆ ಅಟ್ಟಿದವಳು ಅವಳೇ. “ಅಲ್ಲೋಗಿ ನಿಮ್ ವಯಸ್ಸಿನೋರ ಜೊತೆ ಆಡ್ಕೊಳಿ,” ಅಂದಳು. ನನ್ನ ವಯಸ್ಸಿನವರೆಂದರೆ ಎರಡು ವರ್ಷದೊಳಗಿನವರು!

ಹಾಲು ಕುಡಿಸಿ ತೇಗು ಬರಿಸುವುದು, ತೊಟ್ಟಿಲು ತೂಗುವುದು, ಒದ್ದೆ ಚಡ್ಡಿ ಬದಲಿಸುವುದು ಅಲ್ಲಿ ನನ್ನ ಕೆಲಸ. ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕೈಗೆ, ಒದೆಯುವ ಕೂಸಿಗೆ ಚಡ್ಡಿ ಹಾಕುವುದು ಯಾವ ದೊಡ್ಡ ವಿದ್ಯೆ?

ನನ್ನನ್ನು ಸೋಲಿಸಿದ್ದು ಒಬ್ಬಳೇ. ಒಂದೂವರೆ ವರ್ಷದ ಹುಡುಗಿ. ಎಲ್ಲರನ್ನೂ ಟಿಕೆಟ್ ಇಲ್ಲದ ಪ್ರಯಾಣಿಕರ ಹಾಗೆ ಗುರಾಯಿಸುತ್ತಿದ್ದಳು; ಅದಕ್ಕೇ ಚೆಕಿಂಗ್ ಸಾಹೇಬರು ಎಂದು ಹೆಸರಿಟ್ಟಿದ್ದೆ. ಚಮಚ ಕಂಡರೆ ಸಾಕು, ತುಟಿ ಬಿಗಿ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಕಾಗೆ ತೋರಿಸಿದಳು, ಗುಬ್ಬಚ್ಚಿ ತೋರಿಸಿದಳು, ನನ್ನನ್ನೇ ಗುಮ್ಮ ಎಂದು ತೋರಿಸಿದಳು. ಸಾಹೇಬರು ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಸೋತು ಹಾಲ್‌ನ ಚಾಪೆಯ ಮೇಲೆ ಬಿದ್ದುಕೊಂಡೆ. ಬಾಯಿ ತೆರೆದು ಗೊರಕೆ ಹೊಡೆಯುವ ನಾಟಕ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಪುಟ್ಟ ಕೈಯೊಂದು, ಬೇಳೆಕಟ್ಟಿನಲ್ಲಿ ಕಿವುಚಿದ ಅನ್ನವನ್ನು ನನ್ನ ಬಾಯಿಗೆ ತುರುಕಿತು. “ಯಾರ್ಲಾ ಅದು!” ಎಂದು ಬೆಚ್ಚಿ ಎದ್ದೆ. ಅವಳು ಕಿಲಕಿಲ ನಕ್ಕಳು. ಮತ್ತೆ ಮಲಗಿದೆ, ಮತ್ತೆ ತುರುಕಿದಳು. ನಡುವೆ ಒಂದು ತುತ್ತು ತನ್ನ ಬಾಯಿಗೂ ಹಾಕಿಕೊಂಡಳು. ಹಾಗೇ ತಟ್ಟೆ ಖಾಲಿ.

ಅಂದಿನಿಂದ ಅದೇ ಪದ್ಧತಿಯಾಗಿಬಿಟ್ಟಿತು. ನನಗೆ ತಿನ್ನಿಸದೆ ಅವಳು ತಿನ್ನುತ್ತಿರಲಿಲ್ಲ. ಆಯಮ್ಮ ಸಿಡುಕಿದಳು: “ಏನ್ ಚಾಳಿ ಕಲ್ಸಿಟ್ರಿ ತಾತ! ನೀವು ಬರೋಗಂಟ ಮಗು ಬಾಯೇ ಬಿಡಾಕಿಲ್ಲ ಅಂತದೆ.” ನಾನು ಮೀಸೆ ತಿರುವಿದೆ. ಸರ್ಕಾರಿ ಬಸ್ಸಿನಲ್ಲೂ ನನಗೆ ಇಷ್ಟು ಡಿಮ್ಯಾಂಡ್ ಇರಲಿಲ್ಲ.

ಆದರೆ ಅವಳನ್ನು ದತ್ತು ತೆಗೆದುಕೊಳ್ಳುವವರು ಬಂದಾಗ ಮೀಸೆ ಇಳಿಯಿತು. ಕಡಬದವರು. ಗಂಡ ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರು, ಹೆಂಡತಿ ತೆಂಗಿನ ತೋಟ ನೋಡಿಕೊಳ್ಳುವಾಕೆ. ಕಾಗದಪತ್ರವೆಲ್ಲ ಮುಗಿದಿತ್ತು. ಮೂರನೆಯ ಸಲ ಬಂದಾಗಲೂ ಮಗು ಆಕೆಯ ಕೈಯಿಂದ ಒಂದು ಅಗುಳೂ ಮುಟ್ಟಲಿಲ್ಲ.

ಆಶ್ರಮದ ಮೇಡಂ ಮೆಲ್ಲಗೆ ಅಂದರು, “ನಿಮ್ ಕೈಲಿ ಊಟ ಮಾಡ್ಲಿ ಕಣಮ್ಮ, ಆಮೇಲೆ ಕಳಿಸ್ತೀನಿ. ಹಸ್ಕೊಂಡಿರೋ ಮಗೂನ ಹೆಂಗೆ ಕಳಿಸ್ಲಿ?”

ಆಕೆ ತಟ್ಟೆ ಹಿಡಿದು ಕೂತೇ ಇದ್ದಳು. “ನಾನು ಅವ್ಳಿಗೆ ಹಿಡಿಸ್ಲಿಲ್ವೇನೋ,” ಅಂದಳು. ಇಷ್ಟಕ್ಕೆಲ್ಲ ಕಾರಣ ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ನಾನು ಚಾಪೆಯ ಮೇಲೆ ಬಿದ್ದುಕೊಂಡರೆ ಸಾಹೇಬರು ಆ ಕ್ಷಣವೇ ಉಣ್ಣುತ್ತಿದ್ದರು. ಆದರೆ ಕಡಬಕ್ಕೆ ನನ್ನನ್ನೂ ದತ್ತು ತೆಗೆದುಕೊಂಡು ಹೋಗುತ್ತಾರೆಯೇ?

“ಮೇಷ್ಟ್ರೇ, ಗೊರಕೆ ಹೊಡೀತೀರಾ?” ಅಂದೆ.

ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಲರ್ ಸರಿಮಾಡಿಕೊಂಡರು. “ಇಲ್ಲ ಸಾರ್, ಆ ಅಭ್ಯಾಸ ಇಲ್ಲ.”

“ಏನಿಲ್ಲ!” ಹೆಂಡತಿ ತಲೆಯೆತ್ತಿದಳು. “ಕೆರೆ ಏರಿ ಮ್ಯಾಲೆ ಹೋಗೋರ್ಗೂ ಕೇಳುಸ್ತದೆ.”

ವಿಷಯ ಬಿಡಿಸಿ ಹೇಳಿ ಮೇಷ್ಟ್ರನ್ನು ಚಾಪೆಯ ಮೇಲೆ ಮಲಗಿಸಿದೆ. ಡ್ರಿಲ್ ಕ್ಲಾಸಿನಲ್ಲಿ ನಿಂತ ಹಾಗೆ ಕೈಕಾಲು ಜೋಡಿಸಿ ಮಲಗಿದರು. ಮೂಗಿನಿಂದ ಏನೋ ಸಣ್ಣದು ಹೊರಟಿತು.

“ಇದೇನ್ರೀ, ಟೈರ್ ಪಂಕ್ಚರ್ ಆದಂಗೈತೆ! ಬಾಯ್ ಬುಡಿ, ಮನಸ್ಸು ಬಿಚ್ಚಿ ಹೊಡೀರಿ!” ಅಂದೆ.

ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನಾನಿದ್ದರೆ ಆಗುವುದಿಲ್ಲ ಎಂದು ತಿಳಿಯಿತು. ಎದ್ದು ಅಡುಗೆಮನೆಗೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದೆ. ಆಯಮ್ಮ ನನ್ನ ಹೆಗಲ ಮೇಲಿಂದ ಇಣುಕಿದಳು.

ಮೇಷ್ಟ್ರು ಕೊನೆಗೂ ನಾಚಿಕೆ ಬಿಟ್ಟರು. ಕಿಟಕಿ ಅದುರುವಂಥ ಗೊರಕೆ. ಚೆಕಿಂಗ್ ಸಾಹೇಬರು ಆ ಕಡೆ ತಿರುಗಿದರು. ತಟ್ಟೆಗೆ ಕೈ ಹಾಕಿದರು. ಮೊದಲ ತುತ್ತು ನೇರ ಮೇಷ್ಟ್ರ ಮೂಗಿಗೆ! ಅವರು ಸೀನಿದ ಸೀನಿಗೆ ಅನ್ನದ ಅಗುಳೆಲ್ಲ ಬಿಳಿ ಅಂಗಿಯ ಮೇಲೆ. ಮಗು ಚಪ್ಪಾಳೆ ತಟ್ಟಿ ನಕ್ಕಿತು. ಎರಡನೆಯದು ಬಾಯಿಗೆ ಬಿತ್ತು. ಮೂರನೆಯದನ್ನು ತಾನೇ ತಿಂದಿತು.

ಅದನ್ನು ಕಂಡು ಆಕೆಯೂ ಸೆರಗು ಸಿಕ್ಕಿಸಿಕೊಂಡು ಗಂಡನ ಪಕ್ಕ ಉರುಳಿ ಬಾಯಿ ತೆರೆದಳು. ಮಗು ಇಬ್ಬರ ನಡುವೆ ಕೂತು ಬಡಿಸತೊಡಗಿತು. ಆಮೇಲೆ ಆಕೆ ಮಲಗಿದಲ್ಲಿಂದಲೇ ಕೈ ಚಾಚಿ ಒಂದು ತುತ್ತು ಹಿಡಿದಳು. ಮಗು ಒಂದು ಗಳಿಗೆ ಯೋಚಿಸಿ ಬಾಯಿ ಬಿಟ್ಟಿತು.

“ಇವರಿಬ್ರೇ ತಿಂದ್ಬುಟ್ರೆ ಮಗೀಗೆ ಏನ್ ಉಳೀತದೆ?” ಎಂದು ಆಯಮ್ಮ ಇನ್ನೊಂದು ತಟ್ಟೆಗೆ ಅನ್ನ ಕಲಸಲು ಓಡಿದಳು.

ಮುಂದಿನ ವಾರ ಕಾರು ಬಂತು. ಗೇಟಿನಲ್ಲಿ ನಿಂತು ಕಾರಿನ ಬೆನ್ನು ಗುದ್ದಿ “ರೈಟ್, ರೈಟ್!” ಎಂದು ಕೂಗಿದೆ. ಮಗು ಕಿಟಕಿಯಿಂದ ತಿರುಗಿ ನೋಡಿ ನನಗೆ ಟಾಟಾ ಮಾಡಿತು.

ಇಷ್ಟರಲ್ಲಿ ಸುಳ್ಳು ಒಂದೇ, ಆ ಟಾಟಾ. ಅವಳು ತಿರುಗಿಯೂ ನೋಡಲಿಲ್ಲ. ಅಮ್ಮನ ತೊಡೆಯ ಮೇಲೆ ಕೂತು, ಅಮ್ಮನ ಬಾಯಿಗೆ ಬಿಸ್ಕತ್ತು ತುರುಕುವುದರಲ್ಲಿ ಮುಳುಗಿಹೋಗಿದ್ದಳು.