ಆಪರೇಷನ್ನಿಗೆ ಮುಂಚೆ ಹೊಲಿದ ರವಿಕೆ

ಅರಿವಳಿಕೆ ಕೊಟ್ಟ ಮೇಲೆ ನನಗೆ ಎಚ್ಚರವೇ ಆಗದೆ ಹೋಗಬಹುದಿತ್ತು. ಅಥವಾ ನಡುವೆಯೇ ಎಚ್ಚರವಾಗಿಬಿಡಬಹುದಿತ್ತು (ಇದು ಇನ್ನೂ ಕೆಟ್ಟದ್ದು). ರಕ್ತ ನಿಲ್ಲದೆ ಇರಬಹುದಿತ್ತು. ಹೊಲಿಗೆಯಲ್ಲಿ ಕೀವು ತುಂಬಬಹುದಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದಿತ್ತು. ಎಡದ್ದು ಹುಣಸೂರಿನ ಕಡೆ, ಬಲದ್ದು ಮೈಸೂರಿನ ಕಡೆ ಮುಖ ಮಾಡಿ ಕೂರಬಹುದಿತ್ತು. ಹೋಗುವಾಗ ಬಿಳಿಕೆರೆ ಹತ್ತಿರ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಅದೇ ಬಸ್ಸಿನಲ್ಲಿ ನಮ್ಮ ಹೆಡ್‌ಮೇಷ್ಟ್ರು ಸಿಕ್ಕಿ, ಎಲ್ಲಿಗೆ ಹೊರಟಿರಿ ಮೇಡಂ ಎಂದು ಕೇಳಬಹುದಿತ್ತು.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದುಕೊಂಡಿದ್ದೆ. ಒಟ್ಟು ಇಪ್ಪತ್ಮೂರು. ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿರಲಿಲ್ಲ.

ಹೇಳಿಬಿಡುತ್ತೇನೆ. ನಾನು ಹೇಳದಿದ್ದರೂ ಯಾರಾದರೂ ನಿಮಗೆ ಹೇಳುತ್ತಾರೆ. ನಮ್ಮ ಹುಣಸೂರು ಅಷ್ಟೇನೂ ದೊಡ್ಡ ಊರಲ್ಲ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಸ್ತನ ಎತ್ತಿಸುವ ಆಪರೇಷನ್ ಮಾಡಿಸಿಕೊಂಡೆ. ಜೋತುಬಿದ್ದದ್ದನ್ನು ಮೇಲಕ್ಕೆತ್ತಿ, ಹೆಚ್ಚಾದ ಚರ್ಮವನ್ನು ಕತ್ತರಿಸಿ ಹೊಲಿಯುವುದು. ಕಾಯಿಲೆ ಏನೂ ಇರಲಿಲ್ಲ. ಹಾಗಾದರೆ ಯಾಕೆ? ಈ ಪ್ರಶ್ನೆಯನ್ನು ನನಗೆ ನಾನೇ ಆರು ವರ್ಷ ಕೇಳಿಕೊಂಡು ಸುಸ್ತಾಗಿದ್ದೇನೆ. ಇಬ್ಬರು ಮಕ್ಕಳಿಗೆ ಹಾಲೂಡಿಸಿದೆ. ಥೈರಾಯ್ಡ್ ಬಂದು ಊದಿದೆ, ಮಾತ್ರೆ ನುಂಗಿ ಇಳಿದೆ. ಚರ್ಮ ಮಾತ್ರ ಇಳಿದಲ್ಲೇ ಉಳಿಯಿತು. ಬೇಸಿಗೆ ಬಂದರೆ ಅದರಡಿ ಬೆವರುಸಾಲೆ. ಹದಿನೈದು ವರ್ಷದಿಂದ ಸೆರಗನ್ನು ಎರಡೂ ಹೆಗಲಿಗೆ ಹೊದ್ದೇ ಪಾಠ ಮಾಡಿದ್ದೇನೆ. ಶಾಲೆಯ ಮಕ್ಕಳು ಅದನ್ನು ಸಂಸ್ಕಾರ ಅಂದುಕೊಂಡಿದ್ದರು. ಪಾಪ.

ನನಗೆ ಬೇಕಾಗಿದ್ದು ಇಷ್ಟೇ. ಕೆ.ಆರ್. ನಗರದಲ್ಲಿ ಅಣ್ಣನ ಮಗಳ ಮದುವೆಯಿತ್ತು. ಆ ಛತ್ರದಲ್ಲಿ ಎಲ್ಲರ ಹಾಗೆ ಸೆರಗನ್ನು ಒಂದು ಹೆಗಲಿಗೆ ಪಿನ್ ಮಾಡಿಕೊಂಡು, ಒಂದು ದಿನ, ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕಿತ್ತು.

ಗಂಡನಿಗೆ ಹೇಳಿದೆ. 'ಈ ವಯಸ್ಸಿಗೆ ಯಾಕೇ ಇದೆಲ್ಲ? ನಾನೇನಾದ್ರೂ ಅಂದಿದ್ನಾ?' ಎಂದರು. ಅಂದಿರಲಿಲ್ಲ, ನಿಜ. ನೋಡಿಯೇ ಎಷ್ಟು ವರ್ಷವಾಯಿತೋ. (ಅದಕ್ಕೆ ಬೇರೆಯೇ ಅಂಕಣ ಬೇಕು.)

ನಾನು ಹೇಳುವ ಮುಂಚೆಯೇ ವಿಷಯ ಗೊತ್ತಿದ್ದದ್ದು ಒಬ್ಬರಿಗೆ: ನನ್ನ ಟೈಲರ್ ಶಾಹಿದಾ ಆಪಾ. ಊರಿನ ಅರ್ಧ ಹೆಂಗಸರ ಅಳತೆ ಅವರ ಪುಸ್ತಕದಲ್ಲಿದೆ. ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಆಡಿದವರಲ್ಲ. ಇಪ್ಪತ್ತು ವರ್ಷದಿಂದ ನನ್ನ ರವಿಕೆಯ ಟಕ್ಸನ್ನು, ಎಂದರೆ ಎದೆಯ ಉಬ್ಬಿಗೆಂದು ಹಿಡಿಯುವ ಮಡಿಕೆಯನ್ನು, ಸ್ವಲ್ಪಸ್ವಲ್ಪವೇ ಕೆಳಗಿಳಿಸುತ್ತ ಬಂದಿದ್ದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆಪಾಗೆ ಒಂದು ಕಟ್ಟುನಿಟ್ಟು. ರವಿಕೆ ಪೀಸನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕುವುದಿಲ್ಲ. ಎಷ್ಟೇ ಅರ್ಜೆಂಟ್ ಎಂದು ಅಂಗಲಾಚಿದರೂ ವಾಪಸ್ ಕೊಟ್ಟು ಕಳಿಸುತ್ತಾರೆ. 'ನೀರ್ಗಾಕಿ ತನ್ನಿ. ಬಟ್ಟೆ ಮೊದ್ಲು ಕುಗ್ಗೋದೆಲ್ಲ ಕುಗ್ಗಿ ಸುಮ್ಕಾಗ್ಬೇಕು ಕಣ್ರೀ, ಆಮೇಲೆ ಕತ್ರಿ.'

ಮೈಸೂರಿನ ಡಾಕ್ಟರ ಮುಂದೆಯೂ ನನ್ನ ಜೊತೆ ಕೂತದ್ದು ಆಪಾನೇ. ಡಾಕ್ಟರು ಹೆಂಗಸು, ಪ್ಲಾಸ್ಟಿಕ್ ಸರ್ಜನ್. (ಅದನ್ನೇ ಓದಿದವರಾ ಎಂದು ಮೊದಲೇ ವಿಚಾರಿಸಿದ್ದೆ. ನೀವೂ ವಿಚಾರಿಸಿ. ನಾಚಿಕೆ ಬೇಡ.) ನನ್ನ ನೋಟ್‌ಬುಕ್ ನೋಡಿ ನಿಟ್ಟುಸಿರಿಟ್ಟರು, ಆದರೆ ಇಪ್ಪತ್ಮೂರಕ್ಕೂ ಉತ್ತರ ಕೊಟ್ಟರು. ನಾನು ಕೇಳದೆ ಇದ್ದದ್ದನ್ನೂ ಹೇಳಿದರು. ಜಾಗ ಬದಲಾಗುತ್ತದೆ, ಗಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಗಾಯದ ಗೆರೆ ಮಸುಕಾಗುತ್ತದೆ, ಅಳಿಸಿಹೋಗುವುದಿಲ್ಲ. ತೊಟ್ಟಿಗೆ ಸ್ಪರ್ಶ ಕಡಿಮೆಯಾಗಬಹುದು, ಕೆಲವರಿಗೆ ಮರಳಿ ಬರದೆಯೂ ಇರಬಹುದು. ತೂಕ ಏರಿಳಿದರೆ, ವಯಸ್ಸು ಏರಿದರೆ, ಮತ್ತೆ ಜೋಲುತ್ತದೆ. ಮೊದಲು ಮ್ಯಾಮೋಗ್ರಾಂ ಆಗಬೇಕು. ಇನ್ನೂ ಮಕ್ಕಳು ಬೇಕು ಅಂತಿದ್ದರೆ ಈಗ ಬೇಡ ಎಂದರು. ಆಪಾ ಬಾಯಿಗೆ ದುಪಟ್ಟಾ ಹಿಡಿದುಕೊಂಡು ನಕ್ಕರು.

ಹೊಗೆಸೊಪ್ಪು ಅಭ್ಯಾಸ ಇದೆಯೇ ಎಂದು ಕೇಳಿದರು. ಇದ್ದರೆ ಗಾಯ ಮಾಯುವುದಿಲ್ಲವಂತೆ. ಹುಣಸೂರಿನವರು ಬೆಳೆಯುತ್ತೇವೆ ಮೇಡಂ, ನಾನು ಹಾಕುವುದಿಲ್ಲ ಎಂದೆ. ಬಿ.ಪಿ.ಗೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ನುಂಗುತ್ತಿದ್ದ ಹಸಿ ಬೆಳ್ಳುಳ್ಳಿಯ ವಿಷಯ ಮಾತ್ರ ಹೇಳಿರಲಿಲ್ಲ. ಅದೊಂದು ಔಷಧಿಯೇ? ಆಪಾ ಹೇಳಿಬಿಟ್ಟರು. ರಕ್ತ ತೆಳುವಾಗಿಸುತ್ತದೆ, ಇವತ್ತಿನಿಂದಲೇ ನಿಲ್ಲಿಸಿ ಎಂದು ಡಾಕ್ಟರು ಗದರಿದರು.

ಕೊನೆಗೆ ಇನ್ನೊಂದು ಮಾತು ಹೇಳಿದರು. ಊತ ಪೂರ್ತಿ ಇಳಿದು ಆಕಾರ ಒಂದು ಹದಕ್ಕೆ ಬರಲು ಕೆಲವು ತಿಂಗಳು ಬೇಕು, ಯಾವುದಕ್ಕೂ ಆತುರ ಬೇಡ. ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ನೋವಿತ್ತು, ಆದರೆ ನಾನು ಕಲ್ಪಿಸಿಕೊಂಡಷ್ಟಲ್ಲ. (ನಾನು ಕಲ್ಪಿಸಿಕೊಂಡಷ್ಟು ನೋವು ಲೋಕದಲ್ಲೇ ಇಲ್ಲ.) ವಾರಗಟ್ಟಲೆ ಕೈ ಮೇಲೆತ್ತುವಂತಿಲ್ಲ, ಬಿಂದಿಗೆ ಎತ್ತುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ. ಆಪಾ ದಿನಾ ಬಂದು ತಲೆ ಬಾಚಿದರು. ತಲೆಯ ಮೇಲಿಂದ ಹಾಕುವ ನೈಟಿ ಆಗದೆಂದು, ಮುಂದೆ ಹುಕ್ಕು ಇಟ್ಟು ಎರಡು ಹೊಲಿದು ತಂದರು. ಗಂಡ ಮೂರು ವಾರ ಉಪ್ಪಿಟ್ಟು ಮಾಡಿದರು. ಮೂರು ವಾರವೂ ಉಪ್ಪಿಟ್ಟೇ.

ಊರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದ್ದೆವು. ಹನಗೋಡಿನಿಂದ ಚಿಕ್ಕಮ್ಮ ನೋಡಲು ಬಂದರು. ಬಂದವರೇ, 'ಎಲ್ಲವ್ವಾ ಕಲ್ಲು? ಇಸ್ಕಂಡ್ ಬರ್ನಿಲ್ವಾ? ನಮ್ಮ ಪಕ್ಕದ್ಮನೆಯೋರು ಡಬ್ಬೀಲಿ ಮಡಗವ್ರೆ' ಎಂದರು. ಆಸ್ಪತ್ರೆಯಲ್ಲೇ ಮರೆತೆ ಎಂದೆ. ಸುಳ್ಳು ಹೇಳುವುದು ಹೊಲಿಗೆಗಿಂತ ಹೆಚ್ಚು ನೋಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿರುವುದು. ಚಿಕ್ಕಮ್ಮಾ, ಕಲ್ಲು ಇರಲಿಲ್ಲ.

ಏಳು ವಾರವಾಯಿತು. ಮದುವೆ ನಾಳೆ ಎನ್ನುವಾಗ ಆಪಾ ರವಿಕೆ ತಂದರು. ಬಾಟಲ್ ಗ್ರೀನ್ ರೇಷ್ಮೆ, ಕೈಯಲ್ಲಿ ಸಣ್ಣ ಜರಿ. ಆಪರೇಷನ್ನಿನ ಹಿಂದಿನ ವಾರವೇ ಹೊಲಿದಿಟ್ಟದ್ದು. ಆಮೇಲೆ ಪುರಸೊತ್ತು ಸಿಗದಿದ್ದರೆ ಎಂದು ಬಟ್ಟೆ ಕೊಟ್ಟು ಒತ್ತಾಯಿಸಿದವಳು ನಾನೇ. ಎತ್ತಿದರೆ ಎಲ್ಲಿಗೆ ಬರುತ್ತದೆ ಎಂದು ಕಣ್ಣಳತೆಯಲ್ಲೇ ಗುರುತು ಹಾಕಿದವರು ಅವರು.

ತೊಟ್ಟೆ. ಹುಕ್ಕಿಗೂ ಹುಕ್ಕಿನ ಮನೆಗೂ ಎರಡು ಬೆರಳು ದೂರ.

ಉಸಿರು ಬಿಗಿಹಿಡಿದೆ. ಆಗಲೂ ಎರಡು ಬೆರಳು.

ಬಿಚ್ಚಿ ಅಗಲ ಮಾಡಿ ಆಪಾ ಎಂದೆ. ಅವರು ರವಿಕೆಯ ಒಳಮೈ ತಿರುಗಿಸಿ ತೋರಿಸಿದರು. ಪ್ರತಿ ರವಿಕೆಯ ಒಳಗೂ ಬಿಡುವ ಆ ಹೆಚ್ಚುವರಿ ಬಟ್ಟೆ ಇದರಲ್ಲಿ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಹೊಲಿಗೆಯ ಪಕ್ಕಕ್ಕೇ ಕತ್ತರಿಸಿದ್ದರು.

'ಇನ್ಮ್ಯಾಕೆ ಇವ್ರುದ್ದು ಬಿಚ್ಚೋ ಕೆಲ್ಸ ಇಲ್ಲ ಅಂದ್ಕಂಡೆ ಟೀಚರಮ್ಮ,' ಎಂದರು. ರವಿಕೆಯನ್ನು ಮಡಚುತ್ತಾ, 'ಬಟ್ಟೇನ ನೀರ್ಗಾಕ್ಸಿದ್ದೆ. ನಿಮ್ ಮೈ ಇನ್ನೂ ಸುಮ್ಕಾಗಿಲ್ಲ ಅನ್ನೋದ್ನ ಮರ್ತೆ.'

ಅವರನ್ನು ಏನೆಂದು ಬೈಯಲಿ? ಗೆರೆ ಎಳೆದು ಬರೆದುಕೊಂಡವಳು ನಾನು.

ಛತ್ರಕ್ಕೆ ಹಳೆಯ ರವಿಕೆಯಲ್ಲೇ ಹೋದೆ. ಅದರ ಟಕ್ಸು ಹೊಟ್ಟೆಯ ಮೇಲೆಲ್ಲೋ ಬಂದು ನಿಂತಿತ್ತು. ಮುಚ್ಚಿಕೊಳ್ಳಲು ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡೆ. ಫೋಟೋದಲ್ಲಿ ಈ ಹದಿನೈದು ವರ್ಷ ಇದ್ದ ಹಾಗೆಯೇ ಇದ್ದೇನೆ. ಬೆನ್ನು ಮಾತ್ರ ನೆಟ್ಟಗಿದೆ. ಅದನ್ನು ಯಾರೂ ನೋಡಿದಂತಿಲ್ಲ. ಹಸಿರು ರವಿಕೆ ಬೀರುವಿನಲ್ಲಿದೆ, ಊತ ಇಳಿಯುವುದನ್ನು ಕಾಯುತ್ತಾ.

ಮನೆಗೆ ಬಂದು ನೋಟ್‌ಬುಕ್ ತೆಗೆದು ಬರೆದೆ. ಇಪ್ಪತ್ನಾಲ್ಕು: ಹುಕ್ಕು ಹತ್ತಲಿಲ್ಲ.