ಎರಡನೆಯ ಲಿಂಗದೀಕ್ಷೆ

ಖಾನಾಪುರದ ಬಸ್ ಸ್ಟ್ಯಾಂಡಿನ ಎದುರಿಗಿರುವ ಔಷಧಿ ಅಂಗಡಿಯಲ್ಲಿ ಪದ್ಮಶ್ರೀ ಹನ್ನೊಂದು ವರ್ಷದಿಂದ ಫಾರ್ಮಸಿಸ್ಟ್. ಬೆಳಗಾವಿಯ ರಾಮತೀರ್ಥ ನಗರದ ಮನೆಯಿಂದ ದಿನಾ ಬಸ್ಸು ಹತ್ತಿ ಬರುತ್ತಾಳೆ. ಮುಟ್ಟಿನ ದಿನಗಳಲ್ಲಿ ಒಳಗಿಟ್ಟುಕೊಳ್ಳುವ ಹತ್ತಿಯ ಟ್ಯಾಂಪೂನನ್ನು ಆ ಅಂಗಡಿಗೆ ತರಿಸಿದವಳು ಅವಳೇ. "ಇದನ್ಯಾರು ತಗೋತಾರ್ರಿ ಅಕ್ಕಾರ, ಧೂಳು ತಿಂತಾವ" ಎಂದು ಮಾಲೀಕ ಈರಣ್ಣ ಗೊಣಗಿದ್ದ. ಈಜುಸ್ಪರ್ಧೆಗೆ ಹೊರಟಿದ್ದ ಸ್ನೇಹಲ ಎಂಬ ಕಾಲೇಜು ಹುಡುಗಿ ಮೊದಲ ಡಬ್ಬಿ ಒಯ್ದಳು.

"ಮದಿವಿ ಆಗದವ್ರು ಹಾಕ್ಕೋಬಹುದೇನ್ರಿ?" ಎಂದು ಅವಳು ಪಿಸುಗುಟ್ಟಿದಳು.

"ಹಾಕ್ಕೋಬಹುದು. ಬ್ಯಾರೆ ಯಾರರ ಏನರ ಅಂದ್ರ ನನ್ನ ಕಡೆ ಕಳಸು. ಸಣ್ಣ ಸೈಜಿಂದ ತಗೋ. ಮೊದಲು ಕೈ ತೊಳಕೋ. ಒಳಗೆಲ್ಲೂ ಕಳದು ಹೋಗೂದಿಲ್ಲ, ದಾರ ಹೊರಗಿರತೈತಿ. ನಾಕೈದು ತಾಸಿಗೊಮ್ಮೆ ಬದಲ ಮಾಡು, ಎಂಟು ತಾಸು ಮಾತ್ರ ದಾಟಿಸಬ್ಯಾಡ. ಜ್ವರ, ವಾಂತಿ, ತಲಿ ತಿರುಗೂದು ಶುರುವಾತಂದ್ರ ತಗದು ಒಗದು ಸೀದಾ ದವಾಖಾನಿಗೆ ಓಡು."

ಇಷ್ಟೆಲ್ಲ ಬಲ್ಲವಳು ಒಂದನ್ನೇ ಇಪ್ಪತ್ತಾರು ತಾಸು ಒಳಗಿಟ್ಟುಕೊಂಡು ಸಾಯಲು ಬಿದ್ದಳು ಎಂದರೆ ನಂಬುತ್ತೀರಾ? ದೀಪದ ಬುಡದಲ್ಲಿ ಕತ್ತಲೆ ಎಂದು ನಗುವವರು ನಗಲಿ. ಆ ಕತ್ತಲೆ ಯಾರು ಮಾಡಿದ್ದು ಎಂಬುದನ್ನೂ ಕೇಳಿಕೊಂಡು ನಗಲಿ.

ಮಾವ ಉಳವಪ್ಪ ನಿವೃತ್ತ ಹೆಡ್‌ಮಾಸ್ತರ. ಸದಾಶಿವನಗರದ ಸಭೆಗಳಲ್ಲಿ ಮೈಕು ಹಿಡಿದರೆ, "ನಮ್ಮ ಧರ್ಮದಾಗ ಸೂತಕ ಇಲ್ಲ. ಮುಟ್ಟಿನ ಸೂತಕ ಅಂತೂ ಇಲ್ಲೇ ಇಲ್ಲ. ಬಸವಣ್ಣನವರು ಯಾವಾಗೋ ಕಿತ್ತು ಒಗದಾರ" ಎಂದು ಗುಡುಗುತ್ತಾನೆ. ಚಪ್ಪಾಳೆಯೋ ಚಪ್ಪಾಳೆ. ಮನೆಯಲ್ಲಿ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಅತ್ತೆ ಬಾಳವ್ವ ತಿಂಗಳಿಗೆ ಮೂರು ದಿನ ಸೊಸೆಯನ್ನು ಮಾಳಿಗೆಯ ಮೇಲಿನ ಖೋಲಿಗೆ ಅಟ್ಟುತ್ತಾಳೆ. ಬೇರೆ ಚಾಪೆ, ಬೇರೆ ತಾಟು. ಆ ತಾಟು ಮೆಟ್ಟಿಲು ಹತ್ತುವಾಗ ಉಳವಪ್ಪ ಪೇಪರು ಓದುತ್ತಿರುತ್ತಾನೆ. ಗಂಡ ಬಸವಪ್ರಸಾದನದು ಒಂದೇ ಮಾತು: "ಅವ್ವಗ ವಯಸ್ಸಾಗೈತಿ, ಸುಮ್ನಿರು."

ಹೋದ ವೈಶಾಖದಲ್ಲಿ ಒಂಬತ್ತು ವರ್ಷದ ಮಗಳು ನೀಲಾಳ ಲಿಂಗದೀಕ್ಷೆ. ಅವತ್ತೇ ಬೆಳಗ್ಗೆ ಪದ್ಮಶ್ರೀ ಮುಟ್ಟಾದಳು. ಹೇಳಿದರೆ ಮಾಳಿಗೆ ಹತ್ತಬೇಕು, ಮಗಳ ಮಗ್ಗುಲಲ್ಲಿ ಬೇರೆ ಯಾರೋ ಕೂಡುತ್ತಾರೆ. ಹೆತ್ತ ಹೊಟ್ಟೆ ಒಪ್ಪಲಿಲ್ಲ. ಪ್ಯಾಡ್ ಇಟ್ಟುಕೊಂಡರೆ ಬಾಳವ್ವ ಕಸದ ಬುಟ್ಟಿಯನ್ನೂ ಬಿಡುವವಳಲ್ಲ. ಅದಕ್ಕೇ ಟ್ಯಾಂಪೂನ್ ಹಾಕಿಕೊಂಡು, ಇಳಕಲ್ ಸೀರೆ ಉಟ್ಟು ಮಗಳ ಪಕ್ಕ ಕೂತಳು. ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟಾಗ ನೀಲಾ ಅವ್ವನ ಕಡೆ ತಿರುಗಿ ನಕ್ಕಳು.

ಮನೆ ತುಂಬ ಜನ, ಇರುವುದೊಂದೇ ಬಚ್ಚಲು. ಮಧ್ಯಾಹ್ನ ಪರ್ಸು ಹಿಡಿದು ಹೊರಟವಳನ್ನು ಬಾಳವ್ವ ಎಲ್ಲರೆದುರೇ ತಡೆದಳು. "ಬಚ್ಚಲಕ್ಕ ಪರ್ಸ್ ಯಾಕವಾ?"

ಪದ್ಮಶ್ರೀ ತಿರುಗಿ ಬಂದು ಹೋಳಿಗೆ ಬಡಿಸಿದಳು. ಆಮೇಲೆ ಬೀಗರು, ಪಾತ್ರೆ, ಹಾಸಿಗೆ; ರಾತ್ರಿಯವರೆಗೂ ಯಾರ ಕಣ್ಣಿಗೂ ಬೀಳದೆ ಬಚ್ಚಲಿಗೆ ಹೋಗುವ ಸಂದು ಸಿಗಲಿಲ್ಲ. ದಣಿದು ಬಿದ್ದವಳಿಗೆ ಎಚ್ಚರವಾದಾಗ ಬಿಸಿಲೇರಿತ್ತು, ಮೈ ಕೆಂಡವಾಗಿತ್ತು, ವಾಂತಿ ನಿಲ್ಲಲಿಲ್ಲ. "ಬಿಸಲಿಗೆ ಆಗೈತಿ, ಮಜ್ಜಿಗಿ ಕುಡಿ" ಎಂದಳು ಅತ್ತೆ. ಏನಾಗಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಅದನ್ನು ತೆಗೆದಳು. ದವಾಖಾನೆಯಲ್ಲಿ ಡಾಕ್ಟರು ಕೇಳುವ ಮೊದಲೇ, "ಟ್ಯಾಂಪೂನ್ ರೀ, ಇಪ್ಪತ್ತಾರು ತಾಸು" ಎಂದಳು. ಹಾಗೆ ಹೇಳಿದ್ದಕ್ಕೇ ಉಳಿದಳು. ಟ್ಯಾಂಪೂನಿನಿಂದ ಹೀಗೆ ಮೈಗೆ ನಂಜೇರುವುದು ಅಪರೂಪ, ಏರಿದಾಗ ತಡಮಾಡಿದರೆ ಜೀವ ಹೋಗುತ್ತದೆ ಎಂದರು ಡಾಕ್ಟರು.

ನಾಲ್ಕನೆಯ ದಿನ ಬಾಳವ್ವ ಬಂದಳು. ಹೆಂಗದಿ ಎಂದು ಕೇಳಲಿಲ್ಲ. "ಅಂದ್ರ ಆವತ್ತು ನೀ ಹೊರಗಾಗಿದ್ದಿ? ಅಯ್ಯ ನನ ಶಿವನ, ಹಡದ ಮಗಳ ಕಾರ್ಯಾನ ಮೈಲಿಗಿ ಮಾಡಿದ್ಯಲ್ಲ!"

ಹನ್ನೊಂದು ದಿನದ ಮೇಲೆ ಮನೆಗೆ ಬಂದಾಗ ನೀಲಾಳ ಕೊರಳಲ್ಲಿ ಹೊಸ ಶಿವದಾರ, ಲಿಂಗವಿಡುವ ಹೊಸ ಕರಡಿಗೆ.

"ಅವ್ವಾ, ಸೋಮವಾರ ನನಗ ಇನ್ನೊಮ್ಮೆ ದೀಕ್ಷಾ ಆತು. ಬಾಜೂಕ ನಿನ್ನ ಬದಲಿ ಅಪ್ಪನ ತಂಗಿ, ಸೋದರತ್ತಿ ಕುಂತಿದ್ಲು."

ಅಯ್ಯನವರನ್ನು ಕರೆತಂದವನು ಸ್ವತಃ ಉಳವಪ್ಪನೇ. ಸೊಸೆ ಮುಖ ನೋಡಿದ್ದಕ್ಕೆ ಕನ್ನಡಕ ತೆಗೆದು ಒರೆಸತೊಡಗಿದ. "ಮನಿ ಶಾಂತಿ ಸಲುವಾಗಿ ಮಾಡಿದ್ವಿ ಬಿಡವಾ" ಎಂದ. ಥೂ ಎನ್ನಬೇಕೆನಿಸಿತು ಪದ್ಮಶ್ರೀಗೆ. ನಿಲ್ಲಲು ತ್ರಾಣವಿರಲಿಲ್ಲ, ಕೂತಳು.

ಊಟಕ್ಕೆ ಕೂತಾಗ ನೀಲಾ ಕರಡಿಗೆಯನ್ನು ಮುಟ್ಟಿ ನೋಡಿಕೊಳ್ಳುತ್ತ ಕೇಳಿದಳು: "ಅವ್ವಾ, ದೊಡ್ಡಾಕಿ ಆದ ಮ್ಯಾಲೆ ನಾನೂ ನಿನ್ನಂಗ ಮುಚ್ಚಿಡಬೇಕೇನು?"

ಅತ್ತೆ ಸಾರಿನ ಸೌಟು ಹಿಡಿದು ನಿಂತಳು. ಮಾವ ತಾಟಿನಿಂದ ಕಣ್ಣೆತ್ತಲಿಲ್ಲ. ಗಂಡ ಸುಮ್ಮನಿರು ಎನ್ನುವಂತೆ ನೋಡಿದ.

"ಉಣ್ಣು ಮೊದಲ" ಎಂದಳು ಪದ್ಮಶ್ರೀ.